ಹುಚ್ಚೋ, ಹೆಪ್ಪುಗಟ್ಟಿದ ನೆತ್ತರೋ?

ಸಕಲೇಶಪುರದ ತೋಟವೊಂದರಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವನು ಮೂರು ವಾರಗಳ ತರುವಾಯ ಅಸಂಬದ್ಧವಾಗಿ ಮಾತನಾಡತೊಡಗಿದನೆನ್ನೋಣ. ಮನೆಯವರು ಮಾನಸಿಕ ಆಸ್ಪತ್ರೆಗೆ ಸೇರಿಸುವರು. ಆದರೆ ತಲೆಬುರುಡೆಯೊಳಗೆ ನೆತ್ತರು ಮೆಲ್ಲಗೆ ಶೇಖರವಾಗಿ ಮಿದುಳನ್ನು ಒತ್ತುತ್ತಿದ್ದರೆ? ಅವನಿಗೆ ಬೇಕಾದುದು ಶಸ್ತ್ರಚಿಕಿತ್ಸೆ.

ಇದನ್ನರಿಯಲು ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1950ರ ದಶಕದಲ್ಲಿ ಶ್ರವಣಾತೀತ ಧ್ವನಿಯನ್ನು ಬಳಸಿದರು. ಕಿವಿಯ ಮೇಲ್ಭಾಗದಿಂದ ಕಳುಹಿದ ಸ್ಪಂದವು ಮಿದುಳಿನ ನಡುಗೆರೆಗೆ ತಾಗಿ ಮರಳುತ್ತದೆ. ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. ಆಳ 7 ಸೆಂಟಿಮೀಟರಾದರೆ ಹೋಗಿಬರಲು 91 ಮೈಕ್ರೊಸೆಕೆಂಡು. ನಡುಗೆರೆ 3 ಮಿಲಿಮೀಟರು ಸರಿದರೆ ಎಡಬಲಗಳ ಕಾಲವ್ಯತ್ಯಾಸ ಸುಮಾರು 8 ಮೈಕ್ರೊಸೆಕೆಂಡು. ವೈದ್ಯರ ಶಂಕೆಗೆ ಅಷ್ಟು ಸಾಕಾಗಿತ್ತು.

ನೆತ್ತರು ಎರಡೂ ಮಗ್ಗುಲಲ್ಲಿ ಸಮನಾಗಿ ಒತ್ತಿದರೋ, ನಡುಗೆರೆ ಕದಲದು; ಉಪಕರಣಕ್ಕೇ ಮೋಸ! 1970ರ ದಶಕದಲ್ಲಿ ಬಂದ ಸಿ.ಟಿ. ಯಂತ್ರ ಇದನ್ನು ಬದಿಗೊತ್ತಿತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮನೋವೈದ್ಯರೂ ನರಶಸ್ತ್ರವೈದ್ಯರೂ ಒಂದೇ ಸಂಸ್ಥೆಯಲ್ಲಿದ್ದಾರೆ. ಅಂಥ ರೋಗಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋದರಾಯಿತು.