ರಾಸಿಗೊಂದು ಸೂಜಿ

ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯ ಹಳ್ಳಿಗಳಲ್ಲಿ ದ್ರಾಕ್ಷಿ, ರೇಷ್ಮೆಯ ಜತೆಗೆ ಸಂಸಾರ ತೂಗಿಸುವುದು ಡೇರಿಗೆ ಹಾಕುವ ಹಾಲು. ಸೀಮೆ ಹಸು ಕಟ್ಟಿದ ಕೊಟ್ಟಿಗೆಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಬಂದುಹೋಗುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಲಸಿಕೆ ಉಚಿತ. ಹಾಕಿಸಿದರೆ ಹಾಲು ಇಳಿಯುತ್ತದೆಯೇ, ಗಬ್ಬದ ಹಸುವಿಗೆ ಹಾಕಿಸಬಹುದೇ ಎಂದು ಜನ ಕೇಳುತ್ತಾರೆ. ಆದರೆ ಪಕ್ಕದ ಮನೆಯ ಹಸುವಿಗೆ ಚುಚ್ಚಿದ ಸೂಜಿಯೇ ನಮ್ಮ ಹಸುವಿಗೂ ಬರುತ್ತಿದೆಯೇ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಒಂದು ರಾಸಿಗೆ ಬಳಸಿದ ಸೂಜಿ ಇನ್ನೊಂದಕ್ಕೆ ತಾಗಬಾರದು. ಲಸಿಕೆಯಾಗಲಿ, ಜ್ವರದ ಇಂಜೆಕ್ಷನ್ ಆಗಲಿ, ಈ ನಿಯಮಕ್ಕೆ ವಿನಾಯಿತಿ ಇರಬಾರದು.

ಸೂಜಿ ಒಂದು ಸಣ್ಣ ಕೊಳವೆ. ಸ್ನಾಯುವಿನಿಂದ ಹೊರಗೆ ಬರುವಾಗ ಅದರ ಒಳಗೂ ಹೊರಗೂ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿಕೊಂಡಿರುತ್ತದೆ. ಕೆಂಪು ರಕ್ತಕಣದೊಳಗೆ ಬೆಳೆಯುವ ಅನಾಪ್ಲಾಸ್ಮಾದಂಥ ರೋಗಾಣುವಿಗೆ ಅಷ್ಟೇ ಸಾಕು. ಅಮೆರಿಕದ ಕಾನ್ಸಾಸ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಎತ್ತಿ ತೋರಿಸಿತು. ಅನಾಪ್ಲಾಸ್ಮಾ ಸೋಂಕಿದ್ದ ರಾಸಿಗೆ ಚುಚ್ಚಿದ ಸೂಜಿಯನ್ನು ಬದಲಿಸದೆ ಹತ್ತು ಆರೋಗ್ಯವಂತ ಹೋಲ್‌ಸ್ಟೀನ್ ಹೋರಿಗಳಿಗೆ ಚುಚ್ಚಿದಾಗ ಆರಕ್ಕೆ ಸೋಂಕು ತಗುಲಿತು. ಒತ್ತಡದಿಂದ ಔಷಧ ಒಳಸೇರಿಸುವ, ಸೂಜಿಯೇ ಇಲ್ಲದ ಸಾಧನವನ್ನು ಹಾಗೆಯೇ ಬಳಸಿದ ಇನ್ನೊಂದು ಗುಂಪಿನಲ್ಲಿ ಒಂದಕ್ಕೂ ತಗುಲಲಿಲ್ಲ. ಚರ್ಮಗಂಟು ರೋಗದ ವೈರಾಣುವನ್ನು ಕಚ್ಚುವ ನೊಣ, ಸೊಳ್ಳೆಗಳು ಬಾಯಿಗೆ ಅಂಟಿಸಿಕೊಂಡು ಸಾಗಿಸುತ್ತವೆ. ಬಳಸಿದ ಸೂಜಿಯೂ ಅದೇ ಕೆಲಸ ಮಾಡಬಲ್ಲದು. 2022ರಲ್ಲಿ ಆ ರೋಗ ಹಬ್ಬಿದಾಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನಗಳ ಜಾತ್ರೆ, ಸಂತೆಗಳನ್ನು ತಡೆದರು. ರಾಸುಗಳು ಒಂದೆಡೆ ಸೇರದಂತೆ ಅಷ್ಟು ಕಟ್ಟುನಿಟ್ಟು ಮಾಡಿ, ಬಳಸಿದ ಸೂಜಿಯನ್ನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಒಯ್ದರೆ ಆ ತಡೆಯ ಫಲವನ್ನು ನಾವೇ ಕಳೆದಂತೆ.

“ಇಷ್ಟು ವರ್ಷ ಒಂದೇ ಸೂಜಿಯಲ್ಲಿ ಹಾಕಿಸಿದ್ದೇವೆ, ಏನೂ ಆಗಿಲ್ಲವಲ್ಲ” ಎನ್ನುವವರಿದ್ದಾರೆ. ಏನೂ ಆಗಿಲ್ಲ ಎನ್ನುವುದಕ್ಕೂ ಆದದ್ದು ಗೊತ್ತಾಗಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ಅನಾಪ್ಲಾಸ್ಮಾ ಒಳಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಇಂಜೆಕ್ಷನ್ ಮರೆತುಹೋಗಿರುತ್ತದೆ. ಹಸುವಿಗೆ ಜ್ವರ ಬಂದು, ಒಸಡು ಬಿಳಿಚಿ, ಹಾಲು ಬತ್ತಿದಾಗ ತಪ್ಪು ಉಣ್ಣೆಯ ಮೇಲೆ ಬೀಳುತ್ತದೆ. ಉಣ್ಣೆಯೂ ಆ ರೋಗವನ್ನು ಹರಡುವುದು ನಿಜವಾದ್ದರಿಂದ ಸೂಜಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮೇಲಾಗಿ, ಒಮ್ಮೆ ಸೋಂಕು ತಗುಲಿ ಚೇತರಿಸಿಕೊಂಡ ಹಸು ಚೆನ್ನಾಗಿ ಮೇಯುತ್ತ, ಹಾಲು ಕೊಡುತ್ತಲೇ ರೋಗಾಣುವನ್ನು ಬಹುಕಾಲ ರಕ್ತದಲ್ಲಿ ಉಳಿಸಿಕೊಂಡಿರಬಲ್ಲದು. ಯಾವ ರಾಸು ಶುದ್ಧ, ಯಾವುದು ಅಲ್ಲ ಎಂದು ನೋಡಿ ಹೇಳಲಾಗದಿರುವಾಗ ಎಲ್ಲವಕ್ಕೂ ಹೊಸ ಸೂಜಿ ಬಳಸುವುದೊಂದೇ ದಾರಿ.

ಕುದಿಸಿದರೆ, ಸ್ಪಿರಿಟ್‌ನಲ್ಲಿ ಅದ್ದಿದರೆ ಆಗದೇ ಎಂಬುದು ಇನ್ನೊಂದು ಮಾತು. ಚೆನ್ನಾಗಿ ಕುದಿಸಿದರೆ ಅನಾಪ್ಲಾಸ್ಮಾ, ಚರ್ಮಗಂಟಿನ ವೈರಾಣು ಸಾಯುತ್ತವೆ. ಆದರೆ ಚಪ್ಪೆ ರೋಗ, ಧನುರ್ವಾಯು ತರುವ ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯುವ ನೀರನ್ನೂ ತಡೆದುಕೊಳ್ಳಬಲ್ಲವು. ಅವು ನಾಶವಾಗಲು ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಹಬೆ ಬೇಕು. ಅದಿರಲಿ, ಎರಡು ಹಸುಗಳ ನಡುವೆ ಸೂಜಿ ಕುದಿಸುತ್ತ ನಿಲ್ಲಲು ಬಿಡುವಾದರೂ ಎಲ್ಲಿರುತ್ತದೆ? ಇನ್ನು ಕ್ಷಣಮಾತ್ರ ಸ್ಪಿರಿಟ್‌ಗೆ ಅದ್ದಿ ತೆಗೆದರೆ ಕೊಳವೆಯೊಳಗಿನ ರಕ್ತ ಶುದ್ಧವಾಗದು. ಆ ಸ್ಪಿರಿಟ್ ಸೂಜಿಯಲ್ಲಿ ಉಳಿದುಬಿಟ್ಟರೆ ಕಂದು ರೋಗದ ಲಸಿಕೆಯಂಥ ಜೀವಂತ ಲಸಿಕೆಯನ್ನು ಅದು ಕೆಡಿಸಬಲ್ಲದು. ಸೂಜಿಯಷ್ಟೇ ಎಚ್ಚರ ಬಾಟಲಿಯ ವಿಷಯದಲ್ಲೂ ಬೇಕು. ಮುಚ್ಚಳದ ರಬ್ಬರಿಗೆ ಒಂದು ಚೊಕ್ಕ ಸೂಜಿ ಚುಚ್ಚಿ ಅಲ್ಲೇ ಬಿಟ್ಟು, ಅದರಿಂದಲೇ ಮದ್ದು ಎಳೆದುಕೊಂಡು, ಹಸುವಿಗೆ ಬೇರೆ ಸೂಜಿ ಹಾಕಿಕೊಳ್ಳಬೇಕು. ಹಸುವಿಗೆ ಚುಚ್ಚಿದ್ದನ್ನೇ ಬಾಟಲಿಗೆ ಇಳಿಸಿದರೆ ಒಂದು ರಾಸಿನ ರಕ್ತ ಉಳಿದ ಎಲ್ಲ ಡೋಸ್‌ಗಳಿಗೂ ಬೆರೆಯುತ್ತದೆ.

ಚುಚ್ಚುವ ಜಾಗಕ್ಕೂ ಲೆಕ್ಕವಿದೆ. ಹಿಂದೆ ನಿಂತು ಪಿರ್ರೆಗೆ ಚುಚ್ಚುವುದು ಸುಲಭ. ಆದರೆ ಕಾಲಿಗೆ ಇಳಿಯುವ ದೊಡ್ಡ ನರ ಅಲ್ಲೇ ಹಾದುಹೋಗುತ್ತದೆ; ಬಡಕಲು ಹಸು, ಎಳೆಗರುಗಳಲ್ಲಿ ಅದಕ್ಕೆ ಪೆಟ್ಟಾದರೆ ಕಾಲು ಎಳೆಯುವಂತಾಗುತ್ತದೆ. ಸ್ನಾಯುವಿಗೆ ಕೊಡುವ ಇಂಜೆಕ್ಷನ್‌ಗೆ ಕುತ್ತಿಗೆಯ ಪಕ್ಕ, ಹೆಗಲಿನ ಮುಂದೆ ಅಂಗೈಯಗಲದ ತ್ರಿಕೋನದಂಥ ಜಾಗವೇ ಸರಿ. ಕುತ್ತಿಗೆಯ ಕೆಳಭಾಗದಲ್ಲಿ ದೊಡ್ಡ ರಕ್ತನಾಳವಿರುವುದರಿಂದ ಅತ್ತ ಇಳಿಯಬಾರದು. ಸೂಜಿ ಹೊಕ್ಕ ಮೇಲೆ ಪಿಸ್ಟನ್ ಅನ್ನು ಸ್ವಲ್ಪ ಹಿಂದಕ್ಕೆ ಎಳೆದು, ರಕ್ತ ಬಂದರೆ ಜಾಗ ಬದಲಿಸಬೇಕು. ಸ್ನಾಯುವಿಗೆಂದು ಮಾಡಿದ ಪೆನ್ಸಿಲಿನ್ ರಕ್ತನಾಳಕ್ಕೆ ಹೋದರೆ ಹಸು ನಿಂತಲ್ಲೇ ಕುಸಿಯಬಹುದು. ಕಾಲುಬಾಯಿ ಜ್ವರದ ಲಸಿಕೆಯಲ್ಲಿ ಎಣ್ಣೆಯಂಶವಿದೆ. ಕೊಸರಾಡುವ ಹಸುವಿನಿಂದಾಗಿ ಅದು ಹಾಕುವವರ ಬೆರಳಿಗೆ ಹೊಕ್ಕರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಾಗಾಗಿ ಮೂಗುದಾರ ಹಿಡಿದು ಹಸುವನ್ನು ಅಲುಗದಂತೆ ನಿಲ್ಲಿಸಿಕೊಡುವುದು ಮನೆಯವರ ಕೆಲಸ.

ಹೊಸ ಸೂಜಿ ಕೇಳಬೇಕೆಂದರೆ ಸೂಜಿಗೆ ಹೆದರಿ ಲಸಿಕೆಯನ್ನೇ ಬಿಡಿ ಎಂದು ಅರ್ಥವಲ್ಲ. 2013ರಲ್ಲಿ ಕಾಲುಬಾಯಿ ಜ್ವರ ಹಬ್ಬಿ ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತವು. ಲಸಿಕೆಯಿಂದ ಒಂದೆರಡು ದಿನ ಹಾಲು ತಗ್ಗಿದರೂ ಆ ನಷ್ಟದ ಮುಂದೆ ಅದು ಏನೂ ಅಲ್ಲ. ದಿನಕ್ಕೆ ಹತ್ತಾರು ಕೊಟ್ಟಿಗೆ ಸುತ್ತುವ ಸಿಬ್ಬಂದಿಗೆ ಸಮಯ ಸಾಲದು, ಖರ್ಚು ಹೆಚ್ಚು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಸೂಜಿ ಬದಲಿಸಲು ಬೇಕಾದದ್ದು ಕೆಲವೇ ಸೆಕೆಂಡು. ಅದರ ಬೆಲೆ ಕೆಲವೇ ರೂಪಾಯಿ. ಕಾಯುವುದು ಹತ್ತಾರು ಸಾವಿರ ಬಾಳುವ ಹಸುವನ್ನು. ಕೊರತೆಯಿದ್ದರೆ ಅದು ಸರಬರಾಜಿನದು, ಬಿಸಿಲಲ್ಲಿ ಅಲೆಯುವ ಸಿಬ್ಬಂದಿಯದಲ್ಲ. ಪ್ರತಿ ರಾಸಿನ ಕಿವಿಗೆ 12 ಅಂಕಿಯ ಬಿಲ್ಲೆ ಹಾಕಿ, ಹಾಕಿದ ಲಸಿಕೆಯನ್ನು ಆ ಸಂಖ್ಯೆಯ ಹೆಸರಿನಲ್ಲಿ ದಾಖಲಿಸುವ ವ್ಯವಸ್ಥೆ ಈಗಾಗಲೇ ಇದೆ. ಅದೇ ಲೆಕ್ಕದಲ್ಲಿ, ಎಷ್ಟು ಡೋಸ್ ಲಸಿಕೆ ಬರುತ್ತದೋ ಅಷ್ಟೇ ಸೂಜಿಯೂ, ಬಳಸಿದ್ದನ್ನು ತಿಪ್ಪೆಗೆ ಬೀಳದಂತೆ ಹಾಕಿಡಲು ಗಟ್ಟಿ ಡಬ್ಬಿಯೂ ಜತೆಗೇ ಬರಬೇಕು. ಹಾಲಿನ ಸಂಘಗಳ ಸಭೆಯಲ್ಲಿ ರೈತರು ಇದನ್ನು ಒತ್ತಾಯಿಸಿ ಕೇಳಬೇಕು. ಅದು ಆಗುವವರೆಗೆ ಮನೆಯಲ್ಲಿ ಎಷ್ಟು ರಾಸುಗಳಿವೆಯೋ ಅಷ್ಟು ಹೊಸ ಸೂಜಿಗಳನ್ನು ಮೊದಲೇ ತಂದಿಟ್ಟುಕೊಂಡಿದ್ದರೆ ಆ ಹೊತ್ತಿನ ಕೆಲಸ ನಿಲ್ಲುವುದಿಲ್ಲ.