ನಿಕ್ಸಿ ಗಡಿಯಾರ

ನಿಕ್ಸಿ ಗಡಿಯಾರವು ನಿಕ್ಸಿ ನಳಿಕೆಗಳೆಂಬ ಹಳೆಯ ಅಂಕಿದರ್ಶಕಗಳ ಮೂಲಕ ಸಮಯವನ್ನು ತೋರಿಸುವ ವಿದ್ಯುನ್ಮಾನ ಗಡಿಯಾರವಾಗಿದೆ. ಇಂತಹ ಗಡಿಯಾರಗಳನ್ನು ಹೆಚ್ಚಾಗಿ ಹವ್ಯಾಸಿಗಳೇ ತಯಾರಿಸುತ್ತಾರೆ. ಅಳತೆಯ ಉಪಕರಣಗಳಿಗಾಗಿ ತಯಾರಾಗಿ, ಬಳಕೆಯಾಗದೆ ದಾಸ್ತಾನಿನಲ್ಲಿ ಉಳಿದ ಅಥವಾ ಹಳೆಯ ಯಂತ್ರಗಳಿಂದ ಬಿಚ್ಚಿ ತೆಗೆದ ನಳಿಕೆಗಳು ಇವುಗಳಲ್ಲಿ ಮರುಬಳಕೆಯಾಗುತ್ತವೆ. ಈ ನಳಿಕೆಗಳ ಕಾರ್ಖಾನೆ ಉತ್ಪಾದನೆ ನಿಂತು ದಶಕಗಳಾಗಿರುವುದರಿಂದ, ಇರುವ ನಳಿಕೆಯನ್ನು ಕೆಡದಂತೆ ಬಳಸುವುದೇ ಗಡಿಯಾರದ ವಿನ್ಯಾಸದಲ್ಲಿ ಮುಖ್ಯ ಪ್ರಶ್ನೆ.

ಇತಿಹಾಸ

ಅಮೆರಿಕದ ಹೇಡು ಬ್ರದರ್ಸ್ ಸಂಸ್ಥೆಯಲ್ಲಿ ರೂಪುಗೊಂಡ ನಿಕ್ಸಿ ನಳಿಕೆಯನ್ನು ಬರೋಸ್ ಕಾರ್ಪೊರೇಷನ್ 1955ರಲ್ಲಿ ಮಾರುಕಟ್ಟೆಗೆ ತಂದಿತು. ‘ನ್ಯೂಮರಿಕ್ ಇಂಡಿಕೇಟರ್ ಎಕ್ಸ್‌ಪೆರಿಮೆಂಟಲ್ ನಂ. 1’ ಎಂಬುದರ ಸಂಕ್ಷೇಪವಾದ ‘ನಿಕ್ಸ್ 1’ ಎಂಬುದೇ ಮುಂದೆ ನಿಕ್ಸಿ ಆಯಿತೆಂದು ಹೇಳಲಾಗುತ್ತದೆ. ವೋಲ್ಟ್‌ಮಾಪಕ, ಆವೃತ್ತಿ ಎಣಿಕೆ ಯಂತ್ರ ಮೊದಲಾದ ಪ್ರಯೋಗಾಲಯದ ಉಪಕರಣಗಳಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. 1961ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಅನಿಟಾ ವಿದ್ಯುನ್ಮಾನ ಕ್ಯಾಲ್ಕುಲೇಟರ್ ಕೂಡ ಇದೇ ಬಗೆಯ ನಳಿಕೆಗಳಲ್ಲಿ ಉತ್ತರವನ್ನು ತೋರಿಸುತ್ತಿತ್ತು.

1970ರ ದಶಕದಲ್ಲಿ ಎಲ್‌ಇಡಿ ಮುಂತಾದ ಅಗ್ಗದ, ಕಡಿಮೆ ವೋಲ್ಟೇಜಿನ ದರ್ಶಕಗಳು ಬಂದು ನಿಕ್ಸಿಯನ್ನು ಹಿಂದಕ್ಕೆ ಸರಿಸಿದವು. ಸೋವಿಯತ್ ಒಕ್ಕೂಟದಲ್ಲಿ ಮಾತ್ರ ಉತ್ಪಾದನೆ 1980ರ ದಶಕದಲ್ಲಿಯೂ ಮುಂದುವರಿಯಿತು. ಒಕ್ಕೂಟವು 1991ರಲ್ಲಿ ವಿಸರ್ಜನೆಗೊಂಡ ಬಳಿಕ, ಗೋದಾಮುಗಳಲ್ಲಿ ಬಿಡಿಭಾಗವಾಗಿ ಉಳಿದಿದ್ದ ನಳಿಕೆಗಳು ರಷ್ಯಾ ಮತ್ತು ಉಕ್ರೇನಿನ ವ್ಯಾಪಾರಿಗಳ ಮೂಲಕ ಲೋಕದ ಹವ್ಯಾಸಿಗಳನ್ನು ತಲುಪಿದವು. ಇಂದಿನ ಬಹುಪಾಲು ನಿಕ್ಸಿ ಗಡಿಯಾರಗಳಲ್ಲಿ ಕಾಣುವ ಐಎನ್-12, ಐಎನ್-14, ಐಎನ್-18 ಮಾದರಿಗಳು ಇವೇ. ಐಎನ್-12ರಲ್ಲಿ ಅಂಕಿಯನ್ನು ನಳಿಕೆಯ ತುದಿಯಿಂದ ನೋಡಬೇಕು, ಐಎನ್-14ರಲ್ಲಿ ಪಕ್ಕದಿಂದ. ಐಎನ್-18ರ ಅಂಕಿ ಸುಮಾರು 40 ಮಿ.ಮೀ. ಎತ್ತರವಿದ್ದು, ಅದಕ್ಕೆ ತಕ್ಕಂತೆ ಬೆಲೆಯೂ ಎತ್ತರದಲ್ಲಿದೆ. ಐಎನ್-12ರ 5 ಎಂಬ ಅಂಕಿ ಬೇರೇನೂ ಅಲ್ಲ, ತಲೆಕೆಳಗಾಗಿ ಜೋಡಿಸಿದ 2. ಒಂದು ಅಚ್ಚಿನ ಖರ್ಚು ಉಳಿಸುವ ಈ ಉಪಾಯವನ್ನು ಒಮ್ಮೆ ಗಮನಿಸಿದವರು ಮತ್ತೆ ಮರೆಯುವುದಿಲ್ಲ.

ಕಾರ್ಯವಿಧಾನ

ಗಾಜಿನ ನಳಿಕೆಯೊಳಗೆ 0ಯಿಂದ 9ರವರೆಗಿನ ಅಂಕಿಗಳ ಆಕಾರದ ಹತ್ತು ತೆಳು ಲೋಹದ ಕ್ಯಾಥೋಡ್‌ಗಳು (ಋಣಾಗ್ರಗಳು) ಒಂದರ ಹಿಂದೊಂದು ಇರುತ್ತವೆ. ಅವುಗಳ ಮುಂದೆ ಜಾಲರಿಯ ರೂಪದ ಆನೋಡ್ (ಧನಾಗ್ರ) ಇರುತ್ತದೆ. ಒಳಗೆ ಕಡಿಮೆ ಒತ್ತಡದಲ್ಲಿ ನಿಯಾನ್ ಅನಿಲವನ್ನು ತುಂಬಿರುತ್ತಾರೆ. ಆನೋಡ್ ಮತ್ತು ಆಯ್ದ ಒಂದು ಕ್ಯಾಥೋಡ್‌ನ ನಡುವೆ ಸುಮಾರು 170 ವೋಲ್ಟ್ ಒದಗಿಸಿದಾಗ ಆ ಕ್ಯಾಥೋಡ್‌ನ ಸುತ್ತಲಿನ ಅನಿಲವು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಇಲ್ಲಿ ಕಾದು ಕೆಂಪಾಗುವ ತಂತಿಯಿಲ್ಲ. ಬೆಳಗುವುದು ಲೋಹವಲ್ಲ, ಅದನ್ನು ತೆಳುವಾಗಿ ಆವರಿಸಿದ ಅನಿಲ. ಸಮಯ ಬದಲಾದಂತೆ ಅಂಕಿಗಳು ಹಿಂದೆ ಮುಂದೆ ಸರಿದಂತೆ ಕಾಣುವುದಕ್ಕೆ ಅವು ಬೇರೆ ಬೇರೆ ಆಳದಲ್ಲಿರುವುದೇ ಕಾರಣ.

ಅನಿಲವು ಒಮ್ಮೆ ಹೊತ್ತಿಕೊಂಡ ಮೇಲೆ ಪ್ರವಾಹವನ್ನು ತಾನಾಗಿ ಮಿತಿಗೊಳಿಸುವುದಿಲ್ಲ. ಆದ್ದರಿಂದ ಪ್ರತಿ ನಳಿಕೆಯ ಆನೋಡ್‌ಗೆ ಒಂದು ರೋಧಕ ಕಡ್ಡಾಯ. ಪೂರೈಕೆ 180 ವೋಲ್ಟ್, ಉರಿಯುತ್ತಿರುವ ನಳಿಕೆಯ ವೋಲ್ಟೇಜ್ 140, ಬೇಕಾದ ಪ್ರವಾಹ 2.5 ಮಿಲಿಆಂಪಿಯರ್ ಎಂದಾದರೆ, ಉಳಿದ 40 ವೋಲ್ಟ್ ರೋಧಕದ ಮೇಲೆ ಬೀಳಬೇಕು. ಓಮನ ನಿಯಮದಂತೆ ರೋಧಕದ ಬೆಲೆ 16 ಕಿಲೋಓಮ್.

ಗಡಿಯಾರದ ಜೋಡಣೆ

ಸಾಮಾನ್ಯವಾಗಿ 12 ವೋಲ್ಟ್ ಅಡಾಪ್ಟರಿನಿಂದ ವಿದ್ಯುತ್ ಪಡೆದು, ವೋಲ್ಟೇಜನ್ನು ಏರಿಸುವ ಸಣ್ಣ ಮಂಡಲವೊಂದು ಅದನ್ನು 170–180 ವೋಲ್ಟ್‌ಗೆ ಒಯ್ಯುತ್ತದೆ. ಆರು ನಳಿಕೆಗಳಿಗೆ ತಲಾ 2.5 ಮಿಲಿಆಂಪಿಯರ್ ಎಂದರೂ ಒಟ್ಟು ಬಳಕೆ ಮೂರು ವ್ಯಾಟ್‌ಗಿಂತ ಕಡಿಮೆ. ಸಮಯದ ಲೆಕ್ಕವನ್ನು ಮೈಕ್ರೊಕಂಟ್ರೋಲರ್ ನೋಡಿಕೊಳ್ಳುತ್ತದೆ. ಡಿಎಸ್3231ನಂತಹ ಗಡಿಯಾರ ಚಿಪ್ ಜೊತೆಗಿದ್ದರೆ ಸಾಮಾನ್ಯ ತಾಪಮಾನದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ವ್ಯತ್ಯಾಸ ಬರುತ್ತದೆ.

ಐದು ವೋಲ್ಟಿನ ಮೈಕ್ರೊಕಂಟ್ರೋಲರ್ ನಳಿಕೆಯನ್ನು ನೇರವಾಗಿ ನಿಯಂತ್ರಿಸಲಾರದು. ಇದಕ್ಕಾಗಿ 74141 ಎಂಬ ಚಾಲಕ ಚಿಪ್ ಅಥವಾ ಅದರ ಸೋವಿಯತ್ ರೂಪವಾದ ಕೆ155ಐಡಿ1 ಬಳಕೆಯಲ್ಲಿದೆ. ಇವುಗಳೂ ಈಗ ಹಳೆಯ ದಾಸ್ತಾನಿನ ವಸ್ತುಗಳೇ. ಅವು ಸಿಗದವರು ಎಂಪಿಎಸ್‌ಎ42ನಂತಹ ಹೆಚ್ಚು ವೋಲ್ಟೇಜ್ ತಾಳುವ ಟ್ರಾನ್ಸಿಸ್ಟರುಗಳನ್ನು ಬಳಸುತ್ತಾರೆ. ಪ್ರತಿ ನಳಿಕೆಗೂ ಪ್ರತ್ಯೇಕ ಚಾಲಕವಿಟ್ಟರೆ ಬೆಳಕು ಸ್ಥಿರವಾಗಿರುತ್ತದೆ. ಒಂದೇ ಚಾಲಕದಿಂದ ಆರನ್ನೂ ಸರದಿಯಂತೆ ಬೆಳಗಿಸಿದರೆ ಬಿಡಿಭಾಗ ಉಳಿಯುತ್ತದೆ. ಆದರೆ ಪ್ರತಿ ನಳಿಕೆಗೂ ಆರನೇ ಒಂದು ಪಾಲು ಕಾಲ ಮಾತ್ರ ದೊರೆಯುವುದರಿಂದ ಬೆಳಕು ಮಂಕಾಗುತ್ತದೆ, ಅಥವಾ ಆ ಕ್ಷಣದ ಪ್ರವಾಹವನ್ನು ಹೆಚ್ಚಿಸಬೇಕಾಗುತ್ತದೆ.

ನಳಿಕೆಯ ಆಯುಷ್ಯ

ಗಡಿಯಾರವು ನಿಕ್ಸಿ ನಳಿಕೆಗೆ ಸುಲಭದ ಕೆಲಸವೆಂದು ತೋರಿದರೂ ವಾಸ್ತವ ಹಾಗಿಲ್ಲ. ವೋಲ್ಟ್‌ಮಾಪಕದಲ್ಲಿ ಹತ್ತೂ ಅಂಕಿಗಳಿಗೆ ಹೆಚ್ಚುಕಡಿಮೆ ಸರದಿ ಬರುತ್ತದೆ. 24 ಗಂಟೆಯ ಗಡಿಯಾರದಲ್ಲಿ ಗಂಟೆಯ ಹತ್ತರ ಸ್ಥಾನವು ದಿನಕ್ಕೆ 10 ಗಂಟೆ 0, 10 ಗಂಟೆ 1 ಮತ್ತು 4 ಗಂಟೆ 2 ಎಂದು ತೋರಿಸುತ್ತದೆ. 3ರಿಂದ 9ರವರೆಗಿನ ಅಂಕಿಗಳು ಎಂದಿಗೂ ಬೆಳಗುವುದಿಲ್ಲ. ಉರಿಯುವ ಕ್ಯಾಥೋಡ್‌ನಿಂದ ಸಿಡಿದ ಲೋಹದ ಕಣಗಳು ಸುಮ್ಮನಿರುವ ಅಂಕಿಗಳ ಮೇಲೆ ಕೂರುತ್ತವೆ. ಹಲವು ತಿಂಗಳ ಬಳಿಕ ಆ ಅಂಕಿಗಳನ್ನು ಬೆಳಗಿಸಿದರೆ ಅವು ತುಂಡು ತುಂಡಾಗಿ ಕಾಣುತ್ತವೆ. ಈ ದೋಷಕ್ಕೆ ಕ್ಯಾಥೋಡ್ ಪಾಯ್ಸನಿಂಗ್ ಎಂದು ಹೆಸರು.

ಪರಿಹಾರವು ತಂತ್ರಾಂಶದಲ್ಲಿದೆ. ಆಗಾಗ ಕೆಲವು ಕ್ಷಣ ಎಲ್ಲ ನಳಿಕೆಗಳಲ್ಲಿಯೂ 0ಯಿಂದ 9ರವರೆಗೆ ಓಡಿಸಿದರೆ ಕ್ಯಾಥೋಡ್‌ಗಳು ಸ್ವಚ್ಛವಾಗಿರುತ್ತವೆ. ನೋಡುಗರು ಅಲಂಕಾರವೆಂದು ಭಾವಿಸುವ ಅಂಕಿಗಳ ಆ ಓಟವು ನಿರ್ವಹಣೆಯ ಕೆಲಸ. ವರ್ಷಕ್ಕೊಮ್ಮೆ ನಳಿಕೆಗಳ ಸ್ಥಾನವನ್ನು ಅದಲು ಬದಲು ಮಾಡುವವರೂ ಇದ್ದಾರೆ. ಸಾಕೆಟ್ಟಿನಲ್ಲಿ ಕೂರುವ ಐಎನ್-12ಕ್ಕೆ ಇದು ಸುಲಭ, ಬೆಸುಗೆ ಹಾಕಿದ ಐಎನ್-14ಕ್ಕೆ ಕಷ್ಟ.

ಆರಂಭದ ನಳಿಕೆಗಳ ಆಯುಷ್ಯ ಸುಮಾರು 5,000 ಗಂಟೆ, ಅಂದರೆ ಎಡೆಬಿಡದೆ ಉರಿದರೆ ಏಳು ತಿಂಗಳು. ಅಲ್ಪ ಪ್ರಮಾಣದ ಪಾದರಸವನ್ನು ಬೆರೆಸಿದಾಗ ಲೋಹದ ಸವೆತ ತಗ್ಗಿತು. ಕೊನೆಯ ಕಾಲದ ಕೆಲವು ಮಾದರಿಗಳಿಗೆ 2,00,000 ಗಂಟೆಗಳ ಆಯುಷ್ಯವನ್ನು ಹೇಳಲಾಗಿದೆ. ಅದು 22 ವರ್ಷಗಳಿಗೂ ಹೆಚ್ಚು. ಮನೆಯಲ್ಲಿ ಯಾರೂ ನೋಡದ ವೇಳೆ ನಳಿಕೆಗಳನ್ನು ಆರಿಸಿಡುವುದು ಆಯುಷ್ಯವನ್ನು ಉಳಿಸುವ ಅತ್ಯಂತ ಅಗ್ಗದ ಉಪಾಯ.

ಆಯ್ಕೆ ಮತ್ತು ಆಕ್ಷೇಪ

ಬಳಸಿದ ನಳಿಕೆಯನ್ನು ಕೊಳ್ಳುವಾಗ ಹತ್ತೂ ಅಂಕಿಗಳನ್ನು ಒಂದೊಂದಾಗಿ ಬೆಳಗಿಸಿ ನೋಡುವುದು ಅಗತ್ಯ. ಗಾಜಿನ ಒಳಗೋಡೆ ಕಪ್ಪಾಗಿದ್ದರೆ ನಳಿಕೆ ಬಹಳ ದುಡಿದಿದೆ ಎಂದರ್ಥ. ಗಾಳಿ ಒಳನುಗ್ಗಿದ ನಳಿಕೆ ಬೆಳಗುವುದೇ ಇಲ್ಲ.

ಬೇಡಿಕೆ ಹೆಚ್ಚಿದಂತೆ, ಇನ್ನೂ ಕೆಲಸ ಮಾಡುತ್ತಿರುವ ಹಳೆಯ ಉಪಕರಣಗಳನ್ನು ನಳಿಕೆಗಳಿಗಾಗಿಯೇ ಒಡೆಯುವ ಪರಿಪಾಠವೂ ಬೆಳೆದಿದೆ. ಸಂಗ್ರಾಹಕರ ಆಕ್ಷೇಪ ಇದಕ್ಕೇ, ಮತ್ತು ಅದು ನ್ಯಾಯವಾದುದು. ಗೋದಾಮಿನ ನಳಿಕೆಯನ್ನು ಬಳಸಿದರೆ ಬಿದ್ದಿದ್ದ ವಸ್ತುವಿಗೆ ಕೆಲಸ ಸಿಗುತ್ತದೆ. 1960ರ ದಶಕದ ಕ್ಯಾಲ್ಕುಲೇಟರನ್ನು ಒಡೆದರೆ ಮತ್ತೆ ದೊರೆಯದ ಯಂತ್ರವೊಂದು ಇಲ್ಲವಾಗುತ್ತದೆ. ಚೆಕ್ ಗಣರಾಜ್ಯದ ಡಾಲಿಬೋರ್ ಫಾರ್ನಿ 2010ರ ದಶಕದಲ್ಲಿ ಕೈಯಿಂದಲೇ ಹೊಸ ನಿಕ್ಸಿ ನಳಿಕೆಗಳನ್ನು ತಯಾರಿಸತೊಡಗಿದರು. ಅವುಗಳ ಬೆಲೆ ಹಳೆಯ ನಳಿಕೆಗಿಂತ ಬಹಳ ಹೆಚ್ಚು.

ಸುರಕ್ಷತೆ

ಅಡಾಪ್ಟರ್ 12 ವೋಲ್ಟಿನದಾದರೂ ಮಂಡಲದೊಳಗಿನ 180 ವೋಲ್ಟ್ ಅಪಾಯಕಾರಿ. ವಿದ್ಯುತ್ ತೆಗೆದ ಮೇಲೂ ಧಾರಕದಲ್ಲಿ ಆವೇಶ ಉಳಿದಿರಬಹುದು. ಅದು ತಾನಾಗಿ ಇಳಿಯುವಂತೆ ಒಂದು ರೋಧಕವನ್ನು ಸಮಾಂತರವಾಗಿ ಜೋಡಿಸಬೇಕು. ಒಡೆದ ನಳಿಕೆಯನ್ನು, ಪಾದರಸವಿರಬಹುದಾದ ಕಾರಣ, ಬರಿಗೈಯಲ್ಲಿ ಮುಟ್ಟಬಾರದು.

ಮೊದಲ ಬಾರಿಗೆ ಗಡಿಯಾರ ಮಾಡುವ ವಿದ್ಯಾರ್ಥಿಗಳಿಗೆ ಕಡಿಮೆ ವೋಲ್ಟೇಜಿನ ಹಳೆಯ ದರ್ಶಕಗಳು ಹೆಚ್ಚು ಸೂಕ್ತ. ನ್ಯೂಮಿಟ್ರಾನ್‌ನಲ್ಲಿ ಸಣ್ಣ ತಂತಿಗಳು ಬಲ್ಬಿನಂತೆ ಕಾದು ಅಂಕಿಯಾಗುತ್ತವೆ. ಅದಕ್ಕೆ ಐದು ವೋಲ್ಟ್ ಸಾಕು. ಹಸಿರು ನೀಲಿ ಬೆಳಕಿನ ಐವಿ-18 ನಳಿಕೆಗೆ ಸುಮಾರು 50 ವೋಲ್ಟ್ ಬೇಕು. ಅದರ ಒಂದೇ ಗಾಜಿನ ಕೊಳವೆಯಲ್ಲಿ ಎಂಟು ಅಂಕಿಗಳಿದ್ದು, ಗಂಟೆ, ನಿಮಿಷ, ಸೆಕೆಂಡುಗಳ ಆರು ಅಂಕಿಗಳೂ ನಡುವಿನ ಎರಡು ಅಡ್ಡಗೆರೆಗಳೂ ಸರಿಯಾಗಿ ಹಿಡಿಸುತ್ತವೆ.