ಅನುಪಮಾ ನಿರಂಜನ: ಸಂಚಾರ, ಸಮರ್ಪಣೆ ಮತ್ತು ‘ಮಾಧವಿ’

1

ಆಧುನಿಕ ಕನ್ನಡ ಕಾದಂಬರಿಯ ಚರಿತ್ರೆಯನ್ನು ನಿರೂಪಿಸುವಾಗ 1960 ಮತ್ತು 70ರ ದಶಕಗಳ ಲೇಖಕಿಯರ ಬರವಣಿಗೆಯನ್ನು ‘ಜನಪ್ರಿಯ’ ಎಂಬ ಒಂದೇ ವಿಶೇಷಣದಲ್ಲಿ ಮುಗಿಸುವ ರೂಢಿ ಬಹುಕಾಲ ಉಳಿದುಬಂದಿತು. ‘ಅಡುಗೆಮನೆ ಸಾಹಿತ್ಯ’ ಎಂಬ ಹಗುರವಾದ ಮಾತೂ ವಿಮರ್ಶೆಯ ವಲಯದಲ್ಲಿ ಚಲಾವಣೆಯಲ್ಲಿತ್ತು. ಹೊಸ್ತಿಲೊಳಗಿನ ಅನುಭವ ಕಿರಿದು, ಹೊಸ್ತಿಲಾಚೆಯ ಅನುಭವ ಹಿರಿದು ಎಂಬ ಗೃಹೀತವೇ ಈ ಮಾತಿನ ಹಿಂದಿರುವುದು. ವೈದ್ಯೆಯಾಗಿ, ಪ್ರವಾಸಿಯಾಗಿ, ಕಾದಂಬರಿಕಾರ್ತಿಯಾಗಿ ಬಾಳಿದ ಅನುಪಮಾ ನಿರಂಜನ (1934–1991) ಅವರ ಬದುಕು ಬರಹಗಳನ್ನು ಒಟ್ಟಾಗಿಟ್ಟು ನೋಡಿದರೆ ಈ ಗೃಹೀತ ನಿಲ್ಲುವುದಿಲ್ಲ.

ಹೆಣ್ಣು ಹೊಸ್ತಿಲು ದಾಟಿದ ಮಾತ್ರಕ್ಕೆ ಬಿಡುಗಡೆ ಪಡೆಯುವುದಿಲ್ಲ. ಅವಳ ಪಯಣವನ್ನು ನಿಶ್ಚಯಿಸಿದವರು ಯಾರು, ಅದು ಯಾರ ಕಾರ್ಯಕ್ಕಾಗಿ, ಹಿಂದಿರುಗುವ ದಾರಿ ಅವಳಿಗೆ ಉಳಿದಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಾಗಲೇ ಆ ದಾಟುವಿಕೆಗೆ ಅರ್ಥ ಬರುತ್ತದೆ. ಅವರ ‘ಮಾಧವಿ’ ಕಾದಂಬರಿಯ ವಸ್ತುವಿನಲ್ಲಿರುವುದು ಈ ಪ್ರಶ್ನೆಯೇ. ಇದೇ ಪ್ರಶ್ನೆ ಕನ್ನಡ ಜನಪದ ಕಥನಗೀತೆಗಳಲ್ಲಿಯೂ ಹುದುಗಿದೆ. ಈ ಎರಡರ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಅನುಪಮಾ ಅವರು 1934ರಲ್ಲಿ ಮಲೆನಾಡಿನ ತೀರ್ಥಹಳ್ಳಿಯಲ್ಲಿ ಜನಿಸಿದರು. ಹುಟ್ಟು ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು. ಕಯ್ಯೂರಿನ ರೈತ ಹೋರಾಟವನ್ನು ವಸ್ತುವಾಗಿಸಿಕೊಂಡ ‘ಚಿರಸ್ಮರಣೆ’ಯ ಲೇಖಕ ನಿರಂಜನ ಅವರನ್ನು 1956ರಲ್ಲಿ ವಿವಾಹವಾದರು. ಧಾರವಾಡದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ವೈದ್ಯ ವೃತ್ತಿ ನಡೆಸಿದರು. ಮಲೆನಾಡು, ಹಳೆಯ ಮೈಸೂರು, ಉತ್ತರ ಕರ್ನಾಟಕ ಈ ಮೂರೂ ಪ್ರದೇಶಗಳ ಕನ್ನಡವನ್ನೂ ಹೆಣ್ಣುಮಕ್ಕಳ ಪಾಡನ್ನೂ ಹತ್ತಿರದಿಂದ ಕಾಣುವ ಅವಕಾಶ ಇದರಿಂದ ಒದಗಿತು. ಪುರುಷರೆದುರು ಬಾಯಿಬಿಟ್ಟು ಹೇಳಲಾಗದ ಸಂಗತಿಗಳನ್ನು ಸ್ತ್ರೀಯರು ವೈದ್ಯೆಯ ಮುಂದೆ ಹೇಳಿಕೊಳ್ಳುತ್ತಾರೆ. ಆ ಕೇಳ್ಮೆ ಬರಹಗಾರ್ತಿಗೆ ದೊಡ್ಡ ಬಂಡವಾಳವಾಯಿತು.

‘ಅನಂತಗೀತ’, ‘ಸಂಕೋಲೆಯೊಳಗಿಂದ’, ‘ಹಿಮದ ಹೂ’, ‘ಋಣಮುಕ್ತಳು’, ‘ಎಳೆ’, ‘ಘೋಷ’ ಮೊದಲಾದವು ಅವರ ಕಾದಂಬರಿಗಳು. ‘ಋಣಮುಕ್ತಳು’ ಪುಟ್ಟಣ್ಣ ಕಣಗಾಲ್ ಅವರ ನಿರ್ದೇಶನದಲ್ಲಿ 1984ರಲ್ಲಿ ಚಲನಚಿತ್ರವಾಯಿತು. ‘ತಾಯಿ ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಕೃತಿಗಳು ಕನ್ನಡದಲ್ಲಿ ಜನಪ್ರಿಯ ವೈದ್ಯಸಾಹಿತ್ಯಕ್ಕೆ ಭದ್ರವಾದ ನೆಲೆ ಒದಗಿಸಿದವು. ಹನ್ನೆರಡು ಸಂಪುಟಗಳ ‘ದಿನಕ್ಕೊಂದು ಕಥೆ’ ಮಕ್ಕಳ ಸಾಹಿತ್ಯದಲ್ಲಿ ಇಂದಿಗೂ ಮರುಮುದ್ರಣಗೊಳ್ಳುವ ಕೃತಿ.

ಪ್ರವಾಸ ಅವರ ಬರಹದ ಮತ್ತೊಂದು ಮುಖ. ಸೋವಿಯತ್ ಒಕ್ಕೂಟದ ಪ್ರವಾಸದಿಂದ ‘ಸ್ನೇಹಯಾತ್ರೆ’ಯೂ ಪಶ್ಚಿಮದ ದೇಶಗಳ ಪ್ರವಾಸದಿಂದ ‘ಅಂಗೈಯಲ್ಲಿ ಯೂರೋ–ಅಮೆರಿಕಾ’ವೂ ರೂಪುಗೊಂಡವು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಅಮೆರಿಕದಲ್ಲಿ ಗೊರೂರು’ ಮೊದಲಾದ ಕೃತಿಗಳಿಂದ ಕನ್ನಡ ಪ್ರವಾಸ ಸಾಹಿತ್ಯ ಸಮೃದ್ಧವಾಗಿದ್ದರೂ ಆ ಪರಂಪರೆಯಲ್ಲಿ ಎದ್ದು ಕಾಣುತ್ತಿದ್ದುದು ಪುರುಷ ಪ್ರವಾಸಿಯ ಕಣ್ಣು. ಶೀತಲ ಸಮರದ ದಿನಗಳಲ್ಲಿ ಎರಡೂ ಪಾಳೆಯಗಳ ನೆಲವನ್ನು ಮೆಟ್ಟಿ ಬಂದು ಕನ್ನಡದಲ್ಲಿ ಬರೆದ ವೈದ್ಯೆ ಎಂಬುದು ಅನುಪಮಾ ಅವರ ವಿಶೇಷ. ಮನೆಯೂ ವಿಶ್ವಸಾಹಿತ್ಯಕ್ಕೆ ತೆರೆದುಕೊಂಡಿತ್ತು. ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ದ ಸಂಪಾದಕರು ನಿರಂಜನರೇ. 1991ರಲ್ಲಿ ಕ್ಯಾನ್ಸರ್ ಕಾಯಿಲೆಯಿಂದ ಅನುಪಮಾ ನಿಧನರಾದರು. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ.

3

ಇಷ್ಟು ಸಂಚರಿಸಿದ ಲೇಖಕಿ ಪುರಾಣದಿಂದ ಆರಿಸಿಕೊಂಡ ನಾಯಕಿಯೂ ಸಂಚಾರಿಯೇ. ಆದರೆ ಅವಳದು ಸ್ವಂತ ಇಚ್ಛೆಯ ಸಂಚಾರವಲ್ಲ. ಈ ಆಯ್ಕೆಯ ಮಹತ್ವವನ್ನು ಅರಿಯಲು ಮೊದಲು ಜನಪದದ ಕಡೆಗೆ ತಿರುಗಬೇಕು.

ಅರಸೀಕೆರೆ, ಕಣಕಟ್ಟೆ ಎಂಬ ಊರ ಹೆಸರುಗಳ ಕೊನೆಯಲ್ಲಿಯೇ ಕೆರೆ, ಕಟ್ಟೆಗಳಿವೆ. ಹಳೇಬೀಡಿನ ಪ್ರಾಚೀನ ನಾಮ ದೋರಸಮುದ್ರ. ಅಲ್ಲಿಯೂ ‘ಸಮುದ್ರ’ವೆಂದರೆ ಹಿರಿಯ ಕೆರೆ. ಮಳೆ ಕಡಿಮೆಯಾದ ಈ ಬಯಲುಸೀಮೆಯ ಅಂಚಿನಲ್ಲಿ ನೀರು ನಿಲ್ಲಿಸುವುದೇ ಊರು ಕಟ್ಟುವ ಮೊದಲ ಕೆಲಸ. ಕೆರೆಯ ಏರಿ ನಿಲ್ಲದಿದ್ದಾಗ, ನೀರು ಬಾರದಿದ್ದಾಗ ಹೆಣ್ಣನ್ನು ಆಹಾರವಾಗಿ ಕೊಡುವ ಆಶಯ ಕರ್ನಾಟಕದ ಉದ್ದಗಲಕ್ಕೂ ಹರಡಿದೆ. ಅರಸೀಕೆರೆಗೆ ನೆರೆಯದಾದ ಕಡೂರು ತಾಲ್ಲೂಕಿನ ಮದಗದ ಕೆರೆಯ ಕೆಂಚಮ್ಮನ ಕಥನ ಈ ಸೀಮೆಯಲ್ಲಿ ಎಲ್ಲರೂ ಬಲ್ಲದ್ದು. ಈ ಆಶಯದ ಅತ್ಯಂತ ಪ್ರಸಿದ್ಧ ರೂಪ ಉತ್ತರ ಕರ್ನಾಟಕದ ‘ಕೆರೆಗೆ ಹಾರ’.

ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸುತ್ತಾನೆ. ನೀರು ಬಾರದು. ಕಿರಿಯ ಸೊಸೆ ಭಾಗೀರಥಿಯನ್ನು ಆಹಾರ ಕೊಡಬೇಕೆಂದು ನಿಶ್ಚಯವಾಗುತ್ತದೆ. ಆ ನಿಶ್ಚಯದಲ್ಲಿ ಅವಳ ಮಾತಿಗೆ ಸ್ಥಾನವಿಲ್ಲ. ದಂಡಿನಲ್ಲಿರುವ ಗಂಡ ಮಾದೇವರಾಯನಿಗೆ ಸುದ್ದಿಯೂ ಇಲ್ಲ. ಈ ಕಥನಗೀತೆಯನ್ನು ತ್ಯಾಗದ ಆದರ್ಶವಾಗಿ ಬೋಧಿಸುವುದು ವಾಡಿಕೆ. ಆದರೆ ಗೀತೆಯ ರಚನೆಯನ್ನು ಗಮನಿಸಿದರೆ ಅದರ ಬಹುಭಾಗ ಭಾಗೀರಥಿಯ ನಡಿಗೆಗೆ ಮೀಸಲಾಗಿರುವುದು ಕಾಣುತ್ತದೆ. ಅವಳು ತವರಿಗೆ ಹೋಗುತ್ತಾಳೆ. ಅಳುವಿನ ಕಾರಣ ಕೇಳಿದ ತಂದೆಗೆ, ಅತ್ತೆ ಮಾವಂದಿರು ಬೇರೆ ಇಡುತ್ತಾರೆಂಬ ನೆಪ ಹೇಳುತ್ತಾಳೆ. ತಂದೆ ಹೊಲ ಮನೆಗಳ ಆಸರೆ ನೀಡಲು ಮುಂದಾಗುತ್ತಾನೆ. ಅವಳಿಗೆ ಬೇಕಾದುದು ಅದಲ್ಲ. ತವರಿನವರಿಗೆ ಹೇಳಲಾಗದ ನಿಜವನ್ನು ಅವಳು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಬಳಿಕ ಅವಳೇ ಹಿಂದಿರುಗುತ್ತಾಳೆ. ಗಂಗೆಪೂಜೆಯ ನೆವದಲ್ಲಿ ಕೆರೆಗೆ ಹೋಗುತ್ತಾಳೆ. ಮೆಟ್ಟಿಲು ಮೆಟ್ಟಿಲಿಗೆ ನೀರು ಏರುತ್ತದೆ.

ಇಲ್ಲಿ ಎರಡು ಪಯಣಗಳಿವೆ. ತವರಿಗೂ ಗೆಳತಿಯ ಮನೆಗೂ ನಡೆದದ್ದು ಅವಳದೇ ಪಯಣ. ಕೆರೆಗೆ ನಡೆದದ್ದು ಊರ ಪಯಣ. ಗೀತೆಯನ್ನು ಕಟ್ಟಿ ಹಾಡುತ್ತ ಬಂದ ಹೆಂಗಸರು ಮೊದಲನೆಯದಕ್ಕೆ ಇಷ್ಟೊಂದು ಎಡೆ ಕೊಟ್ಟಿರುವುದು ಆಕಸ್ಮಿಕವಲ್ಲ. ಊರು ತ್ಯಾಗವೆಂದು ಕರೆದದ್ದನ್ನು ಹಾಡು ಹೆಣ್ಣಿನ ಒಂಟಿತನವೆಂದು ದಾಖಲಿಸಿದೆ.

4

‘ಮಾಧವಿ’ಯ ಮೂಲ ಮಹಾಭಾರತದ ಉದ್ಯೋಗಪರ್ವದಲ್ಲಿರುವ ಉಪಾಖ್ಯಾನ. ವಿಶ್ವಾಮಿತ್ರನ ಶಿಷ್ಯ ಗಾಲವ ಗುರುದಕ್ಷಿಣೆ ಕೊಡಲೇಬೇಕೆಂದು ಹಟ ಹಿಡಿಯುತ್ತಾನೆ. ಬೇಸತ್ತ ಗುರು, ಮೈಯೆಲ್ಲ ಬಿಳುಪಾಗಿದ್ದು ಒಂದು ಕಿವಿ ಮಾತ್ರ ಕಪ್ಪಾಗಿರುವ 800 ಕುದುರೆಗಳನ್ನು ಬೇಡುತ್ತಾನೆ. ಗಾಲವ ಯಯಾತಿಯ ಮೊರೆ ಹೋಗುತ್ತಾನೆ. ಯಯಾತಿಯ ಬಳಿ ಕುದುರೆಗಳಿಲ್ಲ. ದಾನಿಯೆಂಬ ಕೀರ್ತಿಯನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಮಗಳು ಮಾಧವಿಯನ್ನು ಕೊಡುತ್ತಾನೆ. ಅಯೋಧ್ಯೆಯ ಹರ್ಯಶ್ವ, ಕಾಶಿಯ ದಿವೋದಾಸ, ಭೋಜನಗರದ ಉಶೀನರ ಈ ಮೂವರೂ ತಲಾ 200 ಕುದುರೆಗಳನ್ನು ಕೊಟ್ಟು ಅವಳಿಂದ ಒಬ್ಬೊಬ್ಬ ಮಗನನ್ನು ಪಡೆಯುತ್ತಾರೆ. ಲೋಕದಲ್ಲಿ ಉಳಿದಿದ್ದ ಅಂಥ ಕುದುರೆಗಳು ಅಷ್ಟೇ. ಕೊರತೆಯಾದ 200 ಕುದುರೆಗಳಿಗೆ ಬದಲಾಗಿ ಗಾಲವ ಅವಳನ್ನು ವಿಶ್ವಾಮಿತ್ರನಿಗೇ ಒಪ್ಪಿಸುತ್ತಾನೆ. ನಾಲ್ಕನೆಯ ಮಗನೂ ಹುಟ್ಟುತ್ತಾನೆ. ಲೆಕ್ಕ ಚುಕ್ತಾ ಆದ ಬಳಿಕ ತಂದೆ ಸ್ವಯಂವರ ಏರ್ಪಡಿಸಿದಾಗ ಮಾಧವಿ ನೆರೆದ ರಾಜರನ್ನೆಲ್ಲ ಬಿಟ್ಟು ವನವನ್ನು ವರಿಸುತ್ತಾಳೆ.

ಮೂಲದ ಚೌಕಟ್ಟು ಗಮನಾರ್ಹವಾದುದು. ಈ ಕಥೆಯನ್ನು ನಾರದ ದುರ್ಯೋಧನನಿಗೆ ಹೇಳುವುದು ಹಟದ ಕೇಡನ್ನು ತಿಳಿಸಲು. ಗಾಲವನ ಹಟ, ಯಯಾತಿಯ ಅಹಂಕಾರ ಇವೇ ಅದರ ನೀತಿ. ಮಾಧವಿಯ ಪಾಡು ಆ ನೀತಿಯೊಳಗೆ ಬರುವುದೇ ಇಲ್ಲ. ಸ್ವರ್ಗದಿಂದ ಯಯಾತಿ ಬಿದ್ದಾಗ ಅವಳ ನಾಲ್ವರು ಮಕ್ಕಳು ಪುಣ್ಯವನ್ನು ಧಾರೆಯೆರೆಯುತ್ತಾರೆ. ಕಾಡಿನಲ್ಲಿ ತಪಸ್ಸಿನಲ್ಲಿದ್ದ ಮಾಧವಿಯೂ ತನ್ನ ಪುಣ್ಯದ ಅರ್ಧವನ್ನು ತಂದೆಗೆ ಕೊಡಲು ಮುಂದಾಗುತ್ತಾಳೆ. ಕೊಡುವುದು ಅಲ್ಲಿಗೂ ಮುಗಿಯುವುದಿಲ್ಲ.

ಅನುಪಮಾ ಅವರ ಮರುಕಥನದ ಮೊದಲ ಸಾಧನೆ ಈ ಚೌಕಟ್ಟನ್ನು ತೆಗೆದುಹಾಕಿದ್ದು. ಗಾಲವನ ಚರಿತ್ರೆಯಾಗಿದ್ದುದು ಮಾಧವಿಯ ಹೆಸರಿನ ಕಾದಂಬರಿಯಾಯಿತು. ಕೇಂದ್ರ ಬದಲಾದೊಡನೆ ಪ್ರಶ್ನೆಗಳೂ ಬದಲಾದವು. ಶಿಷ್ಯನ ಋಣ ತೀರಿತೇ ಎಂಬುದು ಹಿಂದೆ ಸರಿದು, ಆ ಋಣವನ್ನು ತೀರಿಸಿದ ದೇಹ ಯಾರದು ಎಂಬುದು ಮುಂದೆ ಬಂತು. ಹೆತ್ತ ಮಗುವನ್ನು ಬಿಟ್ಟು ಮುಂದಿನ ಅರಮನೆಗೆ ನಡೆಯಬೇಕಾದ ತಾಯಿಯ ಸಂಗತಿ ಪುರಾಣದಲ್ಲಿ ಒಂದು ಸಾಲಿನ ಮಾತು. ಬಸಿರು ಬಾಣಂತನಗಳನ್ನು ವೃತ್ತಿಯಲ್ಲಿ ದಿನನಿತ್ಯ ಕಂಡ ವೈದ್ಯೆಗೆ ಅದು ಒಂದು ಸಾಲಿನ ಮಾತಾಗಿ ಉಳಿಯುವಂತಿರಲಿಲ್ಲ. ‘ತಾಯಿ ಮಗು’ ಬರೆದ ಲೇಖನಿಯೇ ‘ಮಾಧವಿ’ಯನ್ನೂ ಬರೆಯಿತೆಂಬುದನ್ನು ಅಧ್ಯಯನಕಾರರು ಮರೆಯಬಾರದು.

ಭಾಗೀರಥಿಯನ್ನೂ ಮಾಧವಿಯನ್ನೂ ಜೊತೆಗಿಟ್ಟು ನೋಡಿದರೆ ಆಶಯದ ಸಾಮ್ಯ ಸ್ಪಷ್ಟವಾಗುತ್ತದೆ. ಇಬ್ಬರನ್ನೂ ಹಿರಿಯ ಗಂಡಸೊಬ್ಬನ ಕಾರ್ಯಸಿದ್ಧಿಗಾಗಿ ಕೊಡಲಾಗುತ್ತದೆ. ಇಬ್ಬರೂ ನಡೆದೇ ಹೋಗುತ್ತಾರೆ. ಇಬ್ಬರ ಒಪ್ಪಿಗೆಯನ್ನೂ ಧರ್ಮವೆಂದು ವ್ಯಾಖ್ಯಾನಿಸಲಾಗುತ್ತದೆ. ವ್ಯತ್ಯಾಸವಿರುವುದು ಕೊನೆಯಲ್ಲಿ. ಭಾಗೀರಥಿಗೆ ಕೆರೆಯಿಂದಾಚೆಗೆ ದಾರಿಯಿಲ್ಲ. ಮಾಧವಿಗೆ ಒಂದು ದಾರಿ ಉಳಿಯುತ್ತದೆ. ಅದು ನಾಡಿನ ಹೊರಗಿನ ದಾರಿ. ಅಯೋಧ್ಯೆ, ಕಾಶಿ, ಭೋಜನಗರಗಳನ್ನೆಲ್ಲ ಸುತ್ತಿದವಳು ತಾನಾಗಿ ಕೈಗೊಂಡ ಏಕೈಕ ಪಯಣ ಅದು.

5

ಸಮುದಾಯದ ನೆನಪಿನಲ್ಲಿರುವ ಬಲಿಯ ಕಥೆಯನ್ನು ಲೇಖಕಿಯೊಬ್ಬಳು ಮರಳಿ ಕೈಗೆತ್ತಿಕೊಳ್ಳುವುದು ಕನ್ನಡದಲ್ಲಿ ಮಾತ್ರ ಕಂಡುಬರುವ ಸಂಗತಿಯಲ್ಲ. ಮೆಕ್ಸಿಕೋದ ರೊಸಾರಿಯೋ ಕಾಸ್ತೆಯಾನೋಸ್ (1925–1974) ಚಿಯಾಪಾಸ್ ಪ್ರಾಂತದಲ್ಲಿ ಮಾಯಾ ಮೂಲನಿವಾಸಿಗಳ ನಡುವೆ ಬೆಳೆದವರು. ಇಸ್ರೇಲಿನಲ್ಲಿ ತಮ್ಮ ದೇಶದ ರಾಯಭಾರಿಯಾಗಿದ್ದಾಗ ನಿಧನರಾದರು. 1962ರಲ್ಲಿ ಪ್ರಕಟವಾದ ಅವರ ‘ಓಫಿಸಿಯೋ ದೆ ತಿನಿಯೆಬ್ಲಾಸ್’ ಕಾದಂಬರಿ ಹತ್ತೊಂಬತ್ತನೆಯ ಶತಮಾನದ ಚಾಮುಲಾ ಬಂಡಾಯವನ್ನೂ ಅದಕ್ಕೆ ಅಂಟಿಕೊಂಡ, ಬಾಲಕನೊಬ್ಬನನ್ನು ಶಿಲುಬೆಗೇರಿಸಿದ ಐತಿಹ್ಯವನ್ನೂ ಇಪ್ಪತ್ತನೆಯ ಶತಮಾನಕ್ಕೆ ತಂದು ನಿರೂಪಿಸುತ್ತದೆ. ಅಲ್ಲಿ ಬಲಿಯಾಗುವವನು ಬಾಲಕ. ಬಲಿಕೊಡುವವಳು ಮಕ್ಕಳಿಲ್ಲದ ಪೂಜಾರಿಣಿ ಕತಲೀನಾ. ಸಂದರ್ಭ ಬೇರೆಯಾದರೂ ಪ್ರಶ್ನೆ ಒಂದೇ: ಸಮುದಾಯದ ಬಿಡುಗಡೆಗಾಗಿ ಕೊಡಲ್ಪಡುವ ಜೀವವನ್ನು ಯಾರಾದರೂ ಕೇಳಿದರೇ? ದೂರ ಪ್ರಯಾಣ ಮಾಡಿದ ಈ ಇಬ್ಬರೂ ಲೇಖಕಿಯರು ಹಳೆಯ ಕಥೆಗಳನ್ನು ಹಿಂದಕ್ಕೆ ತಳ್ಳಲಿಲ್ಲ, ಅವುಗಳನ್ನು ಹೊಸದಾಗಿ ಪ್ರಶ್ನಿಸಿದರು.

6

ಅನುಪಮಾ ಅವರ ವೈದ್ಯಸಾಹಿತ್ಯಕ್ಕೂ ಜನಪದಕ್ಕೂ ನಂಟಿದೆ. ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’ ಎಂಬ ಶೀರ್ಷಿಕೆಗಳೇ ಒಂದು ಮೌಖಿಕ ಪ್ರಕಾರವನ್ನು ನೆನಪಿಗೆ ತರುತ್ತವೆ. ಮದುವೆಯ ಕೊನೆಯಲ್ಲಿ ಹೆಣ್ಣೊಪ್ಪಿಸುವ ಹಾಡಿನಲ್ಲಿ ತಾಯಿ ಮಗಳಿಗೆ ಬುದ್ಧಿ ಹೇಳುತ್ತಾಳೆ: ಅತ್ತೆ ಮಾವಂದಿರಿಗೆ ಅಂಜಿ ನಡೆ, ಕೊಟ್ಟ ಮನೆಯ ಹೆಸರು ಉಳಿಸು ಎಂಬುದು ಅದರ ಸಾರ. ವೈದ್ಯೆ ಹೇಳುವ ಧಾಟಿಯನ್ನು ಉಳಿಸಿಕೊಂಡು ಹೇಳುವ ವಿಷಯವನ್ನು ಬದಲಾಯಿಸಿದರು. ಮುಟ್ಟು, ಬಸಿರು, ಆರೋಗ್ಯ, ದಾಂಪತ್ಯ ಇವು ಕಿವಿಮಾತಿನ ವಸ್ತುಗಳಾದವು. ಭಾಗೀರಥಿ ನಿಜ ನುಡಿದದ್ದು ಗೆಳತಿಯೊಡನೆ. ಈ ಪುಸ್ತಕಗಳಲ್ಲಿ ಲೇಖಕಿಯೇ ಆ ಗೆಳತಿಯ ಸ್ಥಾನದಲ್ಲಿ ನಿಂತಿದ್ದಾರೆ.

ಇಂಥ ಲೇಖಕಿಯ ಬರಹ ಗ್ರಂಥಾಲಯಗಳಲ್ಲಿ ಚದುರಿಹೋಗಿರುವುದು ಸಹಜವಾದರೂ ಅಧ್ಯಯನಕ್ಕೆ ತೊಡಕಿನದು. ‘ಮಾಧವಿ’ ಕಾದಂಬರಿಯ ಕಪಾಟಿನಲ್ಲಿ, ‘ಸ್ನೇಹಯಾತ್ರೆ’ ಪ್ರವಾಸ ಕಥನದಲ್ಲಿ, ‘ತಾಯಿ ಮಗು’ ವೈದ್ಯಶಾಸ್ತ್ರದಲ್ಲಿ, ‘ದಿನಕ್ಕೊಂದು ಕಥೆ’ ಮಕ್ಕಳ ವಿಭಾಗದಲ್ಲಿ ಕೂತಿವೆ. ಒಂದೊಂದನ್ನೇ ಓದಿದವರಿಗೆ ಒಬ್ಬೊಬ್ಬ ಅನುಪಮಾ ಕಾಣುತ್ತಾರೆ. ‘ಜನಪ್ರಿಯ’ ಎಂಬ ಹಣೆಪಟ್ಟಿ ಅಂಟಿದ್ದು ಈ ಬಿಡಿ ಓದಿನಿಂದಲೂ ಹೌದು. ನಾಲ್ಕನ್ನೂ ಒಂದೆಡೆ ತಂದಾಗ, ಹೆಣ್ಣಿನ ದೇಹ ಮತ್ತು ಅವಳ ದಾರಿ ಎರಡೂ ಅವಳವೇ ಆಗಬೇಕೆಂಬ ಒಂದೇ ಚಿಂತನೆ ನಾಲ್ಕು ಪ್ರಕಾರಗಳಲ್ಲಿ ಹರಿದಿರುವುದು ತಿಳಿಯುತ್ತದೆ. ಜಾನಪದ ಅಧ್ಯಯನವೂ ತನ್ನ ಪಾಲಿನ ಕೆಲಸವನ್ನು ಮಾಡಬೇಕಿದೆ. ಕೆರೆಗೆ ಹಾರವಾದವರ ಹಾಡುಗಳನ್ನು ಸಂಗ್ರಹಿಸಿದರಷ್ಟೇ ಸಾಲದು. ಆ ಹಾಡುಗಳೊಳಗೆ ಹೆಂಗಸರು ಕೇಳಿ ಬಿಟ್ಟುಹೋದ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಹುಡುಕಿದ ಲೇಖಕಿಯರನ್ನೂ ಅದೇ ಪರಂಪರೆಯ ವಕ್ತೃಗಳೆಂದು ಗುರುತಿಸಬೇಕು. ಆಗ ಮಾತ್ರ ಕಣಕಟ್ಟೆಯಂಥ ಊರಿನ ಕೆರೆಯ ಏರಿಯಿಂದ ‘ಮಾಧವಿ’ಯ ಕಾಡಿನವರೆಗಿನ ದಾರಿ ಒಂದೇ ಎಂಬುದು ಸಂಶೋಧನೆಗೆ ಗೋಚರಿಸೀತು.